ಬಾಗಿಲ ಮರೆಯ ಅತ್ತೆ

ನಮ್ಮ ಅತ್ತೆಯವರ ಮುಖಕ್ಕಿಂತ ಅವರ ಪಾದಗಳೇ ನನಗೆ ಹೆಚ್ಚು ಪರಿಚಯ. ಹಿಮ್ಮಡಿ ಬಿರಿದ ಅಗಲವಾದ ಪಾದಗಳು. ಎರಡನೆಯ ಬೆರಳಿನ ಮೇಲೆ, ಮಾವನವರು ಹೋದ ಮೇಲೆ ಕಾಲುಂಗುರ ತೆಗೆದ ಜಾಗದಲ್ಲಿ, ತೆಳುಬಣ್ಣದ ಒಂದು ಪಟ್ಟಿ ಹಾಗೇ ಉಳಿದಿತ್ತು. ನ್ಯೂಜೆರ್ಸಿಯ ಚಳಿಗಾಲದಲ್ಲಿ ಅವರು ನನ್ನ ಹಳೆಯ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಅದನ್ನು ಹೆಬ್ಬೆರಳ ಸಂದಿಗೆ ತುರುಕಿ, ಮೇಲೆ ಹವಾಯಿ ಚಪ್ಪಲಿ ಮೆಟ್ಟುತ್ತಿದ್ದರು. ನಾನು ಊಟಕ್ಕೆ ಕೂತಾಗ ಅಡುಗೆಮನೆಯ ಅರೆತೆರೆದ ಬಾಗಿಲಿನ ಅಂಚಿನಲ್ಲಿ ಆ ಕಾಲುಚೀಲ, ಆ ಚಪ್ಪಲಿ, ಇಳಕಲ್ ಸೀರೆಯ ಅಂಚು ಇಷ್ಟು ಕಾಣುತ್ತಿತ್ತು. ಉಳಿದ ಅತ್ತೆ ಬಾಗಿಲ ಹಿಂದೆ ಇರುತ್ತಿದ್ದರು.

ಅವರು ಬಾಗಲಕೋಟೆ ಕಡೆಯವರು. ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ಬರುವುದಿಲ್ಲ, ಬಂದರೆ ಸೆರಗು ಹಣೆಯ ಕೆಳಗಿನ ತನಕ ಇಳಿದಿರಬೇಕು, ನೇರವಾಗಿ ಮಾತಾಡಬಾರದು. ನಾನು ಮೈಸೂರಿನವನು. ನಮ್ಮ ಕಡೆ ಅತ್ತೆ, ಅಳಿಯ ಎದುರುಬದುರು ಕೂತು ಕಾಫಿ ಕುಡಿಯುತ್ತ ಇಡೀ ಬಳಗದ ಮರ್ಯಾದೆ ತೆಗೆಯುತ್ತಾರೆ. ಹಾಗಾಗಿ ಅವರು ಬಂದ ಹೊಸದರಲ್ಲಿ, ನಾನು ಒಳಗೆ ಹೋದರೆ ಅವರು ಸರಕ್ಕನೆ ಗೋಡೆಗೆ ತಿರುಗುವುದನ್ನು ನೋಡಿ, ಈ ಅತ್ತೆಗೆ ನನ್ನನ್ನು ಕಂಡರಾಗುವುದಿಲ್ಲ ಎಂದೇ ತಿಳಿದಿದ್ದೆ. ಹೆಂಡತಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದು ಸಿಟ್ಟಲ್ಲ, ಮರ್ಯಾದೆ, ನಮ್ಮಪ್ಪ ಸಾಯುವ ತನಕ ನಮ್ಮಜ್ಜಿಯ ಮುಖ ನೋಡಿರಲಿಲ್ಲ ಎಂದಳು. ಆಗಿನ್ನೂ ನಾವು ನಡುನಡುವೆ ನಗುತ್ತಿದ್ದೆವು.

ಅತ್ತೆ ನನ್ನೊಡನೆ ಮಾತಾಡುತ್ತಿದ್ದದ್ದು ಮಗಳ ಮೂಲಕ. ‘ಅಳ್ಯಾರಿಗೆ ಇನ್ನೊಂದ ರೊಟ್ಟಿ ಬೇಕೇನು ಕೇಳು.’ ಮಗಳು ಡ್ಯೂಟಿಗೆ ಹೋಗಿದ್ದರೆ ಆ ಮಾತನ್ನು ಫ್ರಿಜ್ಜಿಗೆ ಹೇಳುತ್ತಿದ್ದರು. ಫ್ರಿಜ್ಜು ಸುಮ್ಮನಿರುತ್ತಿತ್ತು, ನಾನೇ ಫ್ರಿಜ್ಜಿನ ಕಡೆ ತಿರುಗಿ, ಸಾಕಂತೆ ಎಂದು ಹೇಳಬೇಕಾಗುತ್ತಿತ್ತು. ಸಾಕು ಎಂದರೂ ಬಾಗಿಲ ಸಂದಿಯಿಂದ ಒಂದು ಕೈ ಬರುತ್ತಿತ್ತು, ಅಂಗೈ ಮೇಲೆ ಬಿಸಿ ಜೋಳದ ರೊಟ್ಟಿ ಇರುತ್ತಿತ್ತು. ಜಗತ್ತಿನಲ್ಲಿ ಯಾರಿಗೆ ಏನೇ ಆಗಿದ್ದರೂ ಅವರ ಮೊದಲ ಪ್ರಶ್ನೆ ಒಂದೇ, ‘ಉಂಡಾರೇನು ಕೇಳು.’ ಟಿವಿಯಲ್ಲಿ ಬಿರುಗಾಳಿಗೆ ಮನೆ ಕಳೆದುಕೊಂಡವರನ್ನು ತೋರಿಸಿದರೂ ಅದನ್ನೇ ಕೇಳುತ್ತಿದ್ದರು.

ಮದುವೆಗೆ ಮುಂಚೆ ನಾನೂ ಅವಳೂ ಪ್ರಿನ್ಸ್‌ಟನ್ ಜಂಕ್ಷನ್‌ನಿಂದ ಒಂದೇ ಟ್ರೇನಿನಲ್ಲಿ ಕಮ್ಯೂಟ್ ಮಾಡುತ್ತಿದ್ದೆವು. ಅವಳು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್, ಓದಲು ಬಂದು ಇಲ್ಲೇ ಸಿಟಿಜನ್ ಆದವಳು. ಚುರುಕು ಬಾಯಿ, ದೊಡ್ಡ ನಗು. ನಾನು ಸಾಫ್ಟ್‌ವೇರಿನವನು, ವರ್ಕ್ ವೀಸಾದವನು. ಆ ವೀಸಾ ಕೆಲಸ ಇರುವ ತನಕ ಇರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ. ಮದುವೆಯಾದ ಮೇಲೆ, ನನ್ನ ಗಂಡನಿಗೆ ಗ್ರೀನ್ ಕಾರ್ಡ್ ಕೊಡಿ ಎಂದು ಅವಳು ಸರಕಾರಕ್ಕೆ ಅರ್ಜಿ ಹಾಕಿದಳು. ಅಷ್ಟರಲ್ಲಿ ನನ್ನ ಕಂಪನಿ ಅರ್ಧ ಜನರನ್ನು ತೆಗೆಯಿತು, ಆ ಅರ್ಧದಲ್ಲಿ ನಾನೂ ಇದ್ದೆ. ಅಲ್ಲಿಂದ ಮುಂದೆ ನನ್ನನ್ನು ಈ ದೇಶದಲ್ಲಿ ಹಿಡಿದಿಟ್ಟದ್ದು ಅವಳ ಅರ್ಜಿಯೊಂದೇ.

ಮೊದಲ ಏಟು ಬಿದ್ದದ್ದು ಆಗಲೇ. ಪಾತ್ರೆ ತೊಳೆದಿಟ್ಟದ್ದು ಸರಿಯಿಲ್ಲ ಎಂದು ಶುರುವಾದ ಮಾತು ಕೆನ್ನೆಗೆ ಬಂದು ಮುಟ್ಟಿತು. ಮರುದಿನ ಅವಳೇ ಅತ್ತಳು, ನಾನೇ ಸಮಾಧಾನ ಮಾಡಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಉಂಡ ಮೇಲೆಯೇ ಶುರುವಾಗುತ್ತಿತ್ತು. ಏಟಿಗಿಂತ ಜಾಸ್ತಿ ತಗಲುತ್ತಿದ್ದದ್ದು ಅದರ ಹಿಂದಿನ ಮಾತು. ‘ನಾಳೆನೇ ಪಿಟಿಶನ್ ವಿಥ್‌ಡ್ರಾ ಮಾಡ್ತೀನಿ, ಗಂಟುಮೂಟೆ ಕಟ್ಟು’ ಎನ್ನುವಳು. ನನ್ನ ಪಾಸ್‌ಪೋರ್ಟು ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಮುಂದೆ, ಅತ್ತೆ ಬಂದ ಮೇಲೆ, ಒಂದು ಸಲ ಫೆಬ್ರವರಿಯಲ್ಲಿ ಬರೀ ಅಂಗಿಯಲ್ಲಿ ಗ್ಯಾರೇಜಿಗೆ ತಳ್ಳಿ ಬಾಗಿಲು ಹಾಕಿಕೊಂಡಳು. ನಾನು ಅವಳಿಗಿಂತ ಒಂದು ಗೇಣು ಎತ್ತರ ಇದ್ದೇನೆ. ಅದು ಯಾವ ಉಪಯೋಗಕ್ಕೂ ಬರಲಿಲ್ಲ.

ಎದ್ದು ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡು, ಮೈಸೂರಿನಲ್ಲಿ ನನಗೆ ಉಳಿದದ್ದು ಪರಿಚಯದ ಬೀದಿಗಳು ಮಾತ್ರ. ಕಲಿತ ಕೆಲಸ, ಪ್ರಾಯದ ಅಷ್ಟೂ ವರ್ಷ ಇಲ್ಲೇ ಹೋಗಿತ್ತು. ಅವಳ ಮೇಲೆ ಆಸೆಯೂ ಇತ್ತು, ಅದನ್ನು ಯಾಕೆ ಮುಚ್ಚಿಡಲಿ. ಜೊತೆಗೆ ನಾಚಿಕೆ. ಒಮ್ಮೆ ಧೈರ್ಯ ಮಾಡಿ ಗೆಳೆಯನೊಬ್ಬನಿಗೆ, ಮನೆಯಲ್ಲಿ ಹೆಂಡತಿ ಕೈ ಮಾಡುತ್ತಾಳೆ ಎಂದೆ. ‘ನಮ್ಮನೇಲೂ ಅಷ್ಟೇ ಗುರೂ, ವೆಲ್ಕಮ್ ಟು ದ ಕ್ಲಬ್’ ಎಂದು ಬೆನ್ನು ತಟ್ಟಿದ. ಏಟು ತಿಂದ ಹೆಂಗಸಿನ ಮಾತಿಗೆ ಜನ ಅಷ್ಟಿಷ್ಟಾದರೂ ಮರುಗುತ್ತಾರೆ, ಏಟು ತಿಂದ ಗಂಡಸು ಅವರಿಗೆ ತಮಾಷೆ.

ಇದರ ನಡುವೆ ಮಾವನವರು ತೀರಿಕೊಂಡರು, ಅತ್ತೆಯನ್ನು ಮಗಳು ಇಲ್ಲಿಗೆ ಕರೆಸಿಕೊಂಡಳು. ತಾಯಿಯ ಮುಂದಾದರೂ ನಿಂತೀತು ಎಂದುಕೊಂಡಿದ್ದೆ. ಕೆಲವು ವಾರ ನಿಂತಿತು ಕೂಡ. ಆಮೇಲೆ ಮೊದಲಿನಂತೆಯೇ ಆಯಿತು. ಒಂದು ವ್ಯತ್ಯಾಸವೆಂದರೆ, ಮಗಳ ದನಿ ಏರಿದ ಕೂಡಲೇ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಪಟ ಪಟ ಪಟ. ಅದೇನು ಹೊತ್ತಲ್ಲದ ಹೊತ್ತಿನಲ್ಲಿ ರೊಟ್ಟಿ ಎಂದು ನನಗೆ ಆಗ ಹೊಳೆಯಲಿಲ್ಲ. ಡಬ್ಬಿ ತುಂಬ ರೊಟ್ಟಿ ಆಗುತ್ತಿತ್ತು. ತಿಂದು ಮುಗಿಸುವವರಿಲ್ಲದೆ ಒಣಗಿ ಕಟಕಾಗುತ್ತಿತ್ತು, ಅದನ್ನೇ ಮುರಿದು ಮೊಸರಿಗೆ ಹಾಕಿ ಅತ್ತೆ ತಿನ್ನುತ್ತಿದ್ದರು.

ಅದು ಒಂದು ಭಾನುವಾರದ ಬೆಳಗು. ಯಾವುದೋ ಬಿಲ್ಲಿನ ಮಾತಿಗೆ ಹತ್ತಿದ ಬೆಂಕಿ ಇಡೀ ಮನೆಗೆ ಹಬ್ಬಿತು. ಅವಳು ದೇವರ ಮುಂದಿದ್ದ ತಂಬಿಗೆ ಎತ್ತಿ ನನ್ನ ಎಡಗಿವಿಗೆ ಬೀಸಿದಳು. ಎರಡನೆಯ ಸಲ ಎತ್ತಿದಾಗ ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ, ಬಳೆ ಒಡೆದು ಗೀರಿತು, ಅವಳು ಚೀರಿದಳು. ನಮ್ಮದು ಟೌನ್‌ಹೌಸ್, ಗೋಡೆಯ ಆಚೆ ಇನ್ನೊಂದು ಸಂಸಾರ. ಅವರು ಪೊಲೀಸಿಗೆ ಫೋನ್ ಮಾಡಿದರು. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ಇರಲಿಲ್ಲ ಎಂಬುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಬಂದವನು ಚಿಕ್ಕ ವಯಸ್ಸಿನ ಅಧಿಕಾರಿ, ಮಾತು ಮೆತ್ತಗಿತ್ತು. ಒಳಗೆ ಬಂದು ನೋಡಿದ. ಸೋಫಾದ ಮೇಲೆ ಅಳುತ್ತಿರುವ ಹೆಂಗಸು, ಅವಳ ಮಣಿಕಟ್ಟಿನಲ್ಲಿ ರಕ್ತದ ಗೀರು. ಕಿವಿ ಒರೆಸಿಕೊಳ್ಳುತ್ತ ನಿಂತ ಎತ್ತರದ ಗಂಡಸು. ಅಡುಗೆಮನೆಯ ಬಾಗಿಲ ಹಿಂದೆ ಮುಖ ಪೂರ್ತಿ ಮುಚ್ಚಿಕೊಂಡ ಒಬ್ಬ ಮುದುಕಿ. ಅವನು ಅತ್ತೆಯ ಹತ್ತಿರ ಹೋಗಿ ಬಗ್ಗಿ, ಏನಾಯಿತು, ನೀವು ಕ್ಷೇಮವೇ ಎಂದು ಕೇಳಿದ. ಅವರಿಗೆ ಇಂಗ್ಲಿಷ್ ಬಾರದು, ನಾನು ಕೇಳುತ್ತೇನೆ ಎಂದು ನಾನೊಂದು ಹೆಜ್ಜೆ ಮುಂದಿಟ್ಟೆ. ಅತ್ತೆ ಸೆರಗನ್ನು ಇನ್ನೂ ಕೆಳಗೆಳೆದು ಗೋಡೆಗೆ ಅಂಟಿಕೊಂಡರು. ಅವನು ಮತ್ತೆ ಕೇಳಿದ, ನನ್ನನ್ನು ಬೊಟ್ಟು ಮಾಡಿ ತೋರಿಸಿ, ಇವನೆಂದರೆ ನಿಮಗೆ ಭಯವೇ ಎಂದು. ಅತ್ತೆ ನಾನಿದ್ದ ಕಡೆಗೆ ಬೆನ್ನು ಮಾಡಿ ನಿಂತರು.

ಕನ್ನಡದವನಾಗಿ ನಾನೇ ಆ ಸೆರಗನ್ನು ತಪ್ಪು ತಿಳಿದಿದ್ದೆ. ಆ ಹುಡುಗನನ್ನು ಯಾವ ಬಾಯಿಂದ ಬಯ್ಯಲಿ? ಅವನ ಕಣ್ಣಿಗೆ ಕಂಡದ್ದು ಒಬ್ಬ ಗಂಡಸು, ಅವನಿಗೆ ಹೆದರಿ ನಡುಗುವ ಇಬ್ಬರು ಹೆಂಗಸರು. ನನ್ನ ಕೈಗಳನ್ನು ಹಿಂದಕ್ಕೆ ತಿರುಗಿಸಿ ಬೇಡಿ ಹಾಕಿದ. ಹೊಸ್ತಿಲು ದಾಟುವಾಗ ತಿರುಗಿ ನೋಡಿದೆ. ಕಾಲುಚೀಲ, ಚಪ್ಪಲಿ, ಸೀರೆಯ ಅಂಚು ಎಲ್ಲ ಎಂದಿನಂತೆ ಬಾಗಿಲ ಅಂಚಿನಲ್ಲೇ ಇದ್ದವು.

ಮರುದಿನ ಬಿಟ್ಟರು, ಮನೆಯ ಹತ್ತಿರ ಸುಳಿಯಬಾರದು ಎಂದು ಆದೇಶ ಕೊಟ್ಟರು. ವೆಸ್ಟ್ ವಿಂಡ್ಸರ್‌ನಲ್ಲಿ ನಮಗೆ ಪರಿಚಯದ ಒಬ್ಬ ಡಾಕ್ಟರಮ್ಮ ಇದ್ದರು, ಹುಬ್ಬಳ್ಳಿಯವರು. ನನ್ನ ಕಿವಿಗೆ ಹೊಲಿಗೆ ಹಾಕಿದವರೂ ಅವರೇ, ತಮ್ಮ ಬೇಸ್‌ಮೆಂಟಿನಲ್ಲಿ ಜಾಗ ಕೊಟ್ಟವರೂ ಅವರೇ. ಹೊಲಿಗೆ ಮುಗಿಸಿದವರೇ, ಇದು ಮೊದಲ ಸಲ ಅಲ್ಲ ಅಲ್ಲವೇ ಎಂದರು. ನಾನು ಅವತ್ತು ಅತ್ತುಬಿಟ್ಟೆ. ನಲವತ್ತು ದಾಟಿದ ಗಂಡಸು ಇನ್ನೊಬ್ಬರ ಮನೆಯ ಡೈನಿಂಗ್ ಟೇಬಲ್ಲಿನ ಮುಂದೆ ಕೂತು ಅಳುವುದು ನೋಡುವುದಕ್ಕೆ ಚೆನ್ನಾಗಿರುವುದಿಲ್ಲ. ಅವರು ಎದ್ದು ಹೋಗಿ ಸಾರು ಬಿಸಿ ಮಾಡಿದರು.

ಅವರೇ ಜ್ಯಾಕ್ಸನ್ ಹೈಟ್ಸ್‌ನ ಒಬ್ಬ ವಕೀಲೆಯ ಹತ್ತಿರ ಕರೆದುಕೊಂಡು ಹೋದರು. ಸೀರೆ ಅಂಗಡಿಯ ಮೇಲೆ ಇಕ್ಕಟ್ಟಾದ ಆಫೀಸು. ವಕೀಲೆ ಎಲ್ಲ ಕೇಳಿ, ಸಿಟಿಜನ್ ಹೆಂಡತಿ ಹಿಂಸೆ ಕೊಟ್ಟರೆ ಗಂಡ ತಾನೇ ಅರ್ಜಿ ಹಾಕಿಕೊಳ್ಳಬಹುದು, ಅವಳ ಸಹಿ ಬೇಡ, ಸರಕಾರ ಅವಳಿಗೆ ಸುಳಿವು ಕೊಡುವುದೂ ಇಲ್ಲ ಎಂದರು. ಆ ಕಾನೂನಿನ ಹೆಸರು ಹೇಳಿದಾಗ ನನಗೆ ನಗು ಬಂತು. ಹೆಂಗಸರ ಮೇಲಿನ ಹಿಂಸೆ ತಡೆಯುವ ಕಾಯ್ದೆ ಅದು. ಹೆಸರಿನಲ್ಲಿ ಹೆಂಗಸರಿದ್ದರೂ ಒಳಗೆ ಗಂಡಸರಿಗೂ ಜಾಗವಿದೆ, ಬಾಗಿಲು ತಟ್ಟುವವರು ಕಡಿಮೆ ಅಷ್ಟೆ ಎಂದರು ವಕೀಲೆ. ಆದರೆ ನಿಮ್ಮ ಕೊರಳಿಗೆ ಒಂದು ಗಂಟೆ ಕಟ್ಟಿದ್ದಾರೆ, ಹೆಂಡತಿಗೆ ಹೊಡೆದನೆಂದು ಅರೆಸ್ಟ್ ಆದವನು, ಮುದುಕಿಯೊಬ್ಬಳು ಅವನಿಗೆ ಹೆದರಿ ಬಾಗಿಲ ಹಿಂದೆ ಅಡಗಿದ್ದಳು ಎಂದು ಪೊಲೀಸರೇ ಬರೆದಿದ್ದಾರೆ, ಅರ್ಜಿ ಓದುವ ಅಧಿಕಾರಿ ಮೊದಲು ನೋಡುವುದು ಅದನ್ನೇ ಎಂದೂ ಹೇಳಿದರು. ಅದನ್ನು ಸುಳ್ಳೆಂದು ಹೇಳಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ಇದ್ದದ್ದು ಒಬ್ಬರೇ. ನಾನು ಇಲ್ಲ ಎಂದೆ. ಹೆತ್ತ ತಾಯಿಗೆ, ನಿಮ್ಮ ಮಗಳ ವಿರುದ್ಧ ಸಾಕ್ಷಿ ಹೇಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರಾದರೂ ನನ್ನ ಎದುರಿಗೆ ಬಂದವರೇ ಅಲ್ಲ. ಸಾಕ್ಷಿಯಿಲ್ಲದೆ ಅರ್ಜಿ ಬಿದ್ದರೆ ನಾನು ಇಲ್ಲಿಂದ ಹೋಗಬೇಕು, ಹೆಂಡತಿಗೆ ಹೊಡೆದು ಜೈಲು ಕಂಡವನು ಎನ್ನುವ ಹೆಸರು ಹೊತ್ತುಕೊಂಡು ಹೋಗಬೇಕು. ಊರ ಬಾಯಿಗೆ ಮುಚ್ಚಳ ಇಲ್ಲ. ಕನ್ನಡ ಸಂಘದವರ ಬಾಯಲ್ಲಿ ಆ ಹೆಸರು ಆಗಲೇ ಓಡಾಡುತ್ತಿತ್ತು. ಹಿಂದೆ ಬೆನ್ನು ತಟ್ಟಿದ ಗೆಳೆಯನೇ, ನೀನು ಹೀಗಂತ ಗೊತ್ತಿರಲಿಲ್ಲ ಎಂದು ಮೆಸೇಜ್ ಕಳಿಸಿದ್ದ.

ಮುಂದಿನದ್ದು ಡಾಕ್ಟರಮ್ಮ ಹೇಳಿದ್ದು. ಅವರು ದೇವಸ್ಥಾನದಲ್ಲಿ ಅತ್ತೆಯನ್ನು ಕಂಡರಂತೆ. ಮಗಳು ಸಾಲಿನಲ್ಲಿ ನಿಂತಿದ್ದಳು, ಅತ್ತೆ ಒಬ್ಬರೇ ಕಂಬಕ್ಕೆ ಒರಗಿ ಕೂತಿದ್ದರು. ತಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ, ಇವರು ಡಾಕ್ಟರು ಎಂದು ಗುರುತು ಹಿಡಿದು, ಅತ್ತೆ ಅವರ ಕೈ ಹಿಡಿದುಕೊಂಡು, ಅಳಿಯಂದಿರ ಕಿವಿ ವಾಸಿಯಾಯಿತೇ, ದವಾಖಾನೆಯಿಂದ ಇನ್ನೂ ಯಾಕೆ ಬಿಟ್ಟಿಲ್ಲ ಎಂದು ಕೇಳಿದರಂತೆ. ಪೊಲೀಸರು ನನ್ನನ್ನು ಕರೆದುಕೊಂಡು ಹೋದದ್ದು ಕಿವಿಗೆ ಪಟ್ಟಿ ಕಟ್ಟಿಸಲು ಎಂದೇ ಅವರು ನಂಬಿದ್ದರು. ಏಟು ತಿಂದವನನ್ನು ಸರಕಾರದವರು ಬಂದು ಆಸ್ಪತ್ರೆಗೆ ಒಯ್ಯುತ್ತಾರೆ, ಎಷ್ಟು ಒಳ್ಳೆಯ ದೇಶ ಎಂದುಕೊಂಡಿದ್ದರು. ಕೈ ಹಿಂದೆ ಕಟ್ಟಿದ್ದು ಅವರಿಗೆ ಕಂಡಿರಲಿಲ್ಲ, ಮುಖ ಗೋಡೆಯ ಕಡೆಗಿತ್ತಲ್ಲ. ಮಗಳು ಆ ನಂಬಿಕೆಯನ್ನು ಹಾಗೇ ಬಿಟ್ಟಿದ್ದಳು.

ಡಾಕ್ಟರಮ್ಮ ನಿಜ ಹೇಳಿದರು. ನೀವು ಮುಖ ಮುಚ್ಚಿಕೊಂಡದ್ದನ್ನು ಅಂಜಿಕೆ ಎಂದು ತಿಳಿದು ನಿಮ್ಮ ಅಳಿಯನನ್ನು ಹಿಡಿದುಕೊಂಡು ಹೋದರು, ಅದು ಸುಳ್ಳೆಂದು ವಕೀಲೆಯ ಮುಂದೆ ಹೇಳುವವರು ಬೇಕು ಎಂದರು. ಮಗಳು ಪ್ರಸಾದ ಹಿಡಿದು ಬರುವುದು ಕಂಡಾಗ ಅತ್ತೆ ಮೆಲ್ಲಗೆ, ‘ನನ್ನ ಅಲ್ಲಿಗೆ ಕರಕೊಂಡ ಹೋಗ್ರಿ’ ಎಂದರಂತೆ.

ಮಗಳು ಡ್ಯೂಟಿಗೆ ಹೋಗಿದ್ದ ಒಂದು ಮಧ್ಯಾಹ್ನ ಡಾಕ್ಟರಮ್ಮ ಅವರನ್ನು ಕಾರಿನಲ್ಲಿ ಕರೆತಂದರು. ನಾನು ವಕೀಲೆಯ ಆಫೀಸಿನಲ್ಲಿ ಮೊದಲೇ ಕೂತಿದ್ದೆ. ಮೆಟ್ಟಿಲ ಮೇಲೆ ಹವಾಯಿ ಚಪ್ಪಲಿಯ ಸಪ್ಪಳ ಕೇಳಿ ಎದ್ದು ನಿಂತೆ. ಸೆರಗು ಹೊದ್ದು, ತಲೆ ತಗ್ಗಿಸಿ ಒಳಗೆ ಬಂದರು. ಕೆಳಗಿನ ಅಂಗಡಿಯ ಗೊಂಬೆಗಳಿಗೆ ಸೀರೆ ಉಡಿಸಿದ್ದಾರೆ, ನೆರಿಗೆ ಸರಿಯಿಲ್ಲ ಎಂದು ಡಾಕ್ಟರಮ್ಮನಿಗೆ ಹೇಳುತ್ತಿದ್ದರು.

ಸಾಕ್ಷಿ ಹೇಳುವಾಗ ನಾನು ಹೊರಗಿರಬೇಕು ಎಂದು ವಕೀಲೆ ಹೇಳಿದರು. ಡಾಕ್ಟರಮ್ಮ ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ತಲೆ ಅಲ್ಲಾಡಿಸಿದರು.

‘ಅಳ್ಯಾರು ಇಲ್ಲೇ ಕೂಡ್ಲಿ. ಅವರ ಮುಂದ ಮುಚ್ಚಿದ ಮಾರಿ, ಅವರ ಮುಂದನ ತಗೀತೀನಿ.’

ವಕೀಲೆ, ಬಾಯಿ ಬಿಡಬಾರದು ಎಂದು ನನಗೆ ತಾಕೀತು ಮಾಡಿ ಕೂರಿಸಿದರು. ಅತ್ತೆ ನನ್ನ ಎದುರಿನ ಕುರ್ಚಿಯಲ್ಲಿ ಕೂತು ಸೆರಗು ಹಿಂದಕ್ಕೆ ಸರಿಸಿದರು. ಮೊದಲ ಸಲ ಅವರ ಮುಖ ಕಂಡೆ. ನನ್ನ ಹೆಂಡತಿಯದೇ ಮುಖ. ಅದೇ ಹುಬ್ಬು, ಅದೇ ಗಲ್ಲ, ನೋವಿಗೆ ಹಣ್ಣಾಗಿದ್ದ ಅದೇ ಮುಖ. ನನಗೆ ಎದ್ದು ಓಡಬೇಕೆನಿಸಿತು. ಅವರು ನನ್ನನ್ನೇ ನೋಡಿದರು, ಕಣ್ಣು ತೆಗೆಯಲಿಲ್ಲ.

‘ನಾ ಅವರಿಗೆ ಅಂಜಿ ಮಾರಿ ಮುಚ್ಚಿಕೊಂಡಾಕಿ ಅಲ್ರಿ’ ಎಂದರು. ‘ಅಳ್ಯಾರಂದ್ರ ದೇವ್ರ ಸಮ ನಮ್ಮ ಕಡೆ. ಅದಕ್ಕ ಮುಚ್ಚಿಕೊಂಡೆ. ಹೊಡದಾಕಿ ನನ್ನ ಮಗಳು. ನಾ ಕಣ್ಣಾರೆ ನೋಡೇನಿ.’

ಆಮೇಲೆ ಒಂದೊಂದಾಗಿ ಹೇಳಿದರು. ಯಾವ ಹಬ್ಬದ ದಿನ ಏನಾಯಿತು, ಗ್ಯಾರೇಜಿನ ಬಾಗಿಲನ್ನು ಆಮೇಲೆ ಯಾರು ತೆಗೆದರು, ತಂಬಿಗೆ ಎತ್ತಿದ್ದು ಯಾರು, ಬಳೆ ಒಡೆದದ್ದು ಹೇಗೆ. ಗ್ಯಾರೇಜಿನ ಬಾಗಿಲು ತೆಗೆದದ್ದು ಅವರೇ ಎಂದು ನನಗೆ ಗೊತ್ತಾದದ್ದು ಆಗಲೇ. ಚಿಲಕ ಸರಿಸಿ, ನಾನು ಒಳಗೆ ಬರುವಷ್ಟರಲ್ಲಿ ಮರೆಯಾಗಿಬಿಟ್ಟಿದ್ದರು. ಹೆಂಡತಿಯೇ ಮನಸ್ಸು ಕರಗಿ ತೆಗೆದಳು ಎಂದು ನಾನು ಇಷ್ಟು ದಿನ ಅವಳಿಗೆ ಋಣಿಯಾಗಿದ್ದೆ.

ರೊಟ್ಟಿಯ ಮಾತನ್ನೂ ಅವರೇ ಎತ್ತಿದರು. ಪಕ್ಕದ ಮನೆಯವರಿಗೆ ಮಗಳ ಬಾಯಿ ಕೇಳಬಾರದು ಎಂದು ಜೋರಾಗಿ ಬಡಿಯುತ್ತಿದ್ದೆ, ನನ್ನ ಕಿವಿಗೂ ಕೇಳಬಾರದು ಎಂದು ಬಡಿಯುತ್ತಿದ್ದೆ ಎಂದರು. ಆ ಭಾನುವಾರ ಮಾತ್ರ ಕೈ ಏಳಲಿಲ್ಲವಂತೆ. ಅವತ್ತು ಬಡಿದಿದ್ದರೆ ಪಕ್ಕದವರಿಗೆ ಕೇಳುತ್ತಿರಲಿಲ್ಲ, ಪೊಲೀಸರು ಬರುತ್ತಿರಲಿಲ್ಲ, ನಾನು ಇವತ್ತಿಗೂ ಅದೇ ಮನೆಯಲ್ಲಿರುತ್ತಿದ್ದೆನೇನೋ.

ವಕೀಲೆ ಬರೆದುಕೊಳ್ಳುತ್ತಿದ್ದರು. ಮಧ್ಯೆ ಒಮ್ಮೆ, ನಿಮ್ಮ ಮಗಳು ಸ್ವಭಾವದಿಂದಲೇ ಕ್ರೂರಿಯೇ ಎಂದು ಡಾಕ್ಟರಮ್ಮನಿಂದ ಕೇಳಿಸಿದರು.

‘ಆಕಿ ಕೆಟ್ಟಾಕಿ ಅಂತ ಬರೀಬ್ಯಾಡ್ರಿ. ಹೊಡದಾಳ ಅಂತಷ್ಟ ಬರೀರಿ. ಆಕಿನ್ನ ಹಡದಾಕಿ ನಾನು.’

ವಕೀಲೆ ಬರೆದದ್ದರಲ್ಲಿ ಒಂದು ಸಾಲು ಹೊಡೆದು ಹಾಕಿದರು. ಅತ್ತೆ ಕನ್ನಡದಲ್ಲಿ ಸಹಿ ಮಾಡಿ, ಪೆನ್ನು ಕೆಳಗಿಟ್ಟು, ಸೆರಗನ್ನು ಮತ್ತೆ ಹಣೆಯ ಮೇಲೆ ಎಳೆದುಕೊಂಡರು. ಡಾಕ್ಟರಮ್ಮನ ಕಡೆ ತಿರುಗಿ, ‘ಅಳ್ಯಾರು ಉಂಡಾರೇನು ಕೇಳ್ರಿ’ ಎಂದರು. ಉಂಡಿದ್ದಾರಂತೆ ಎಂದರು ಡಾಕ್ಟರಮ್ಮ. ಅತ್ತೆ ಸೀರೆಯ ಮಡಿಲಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು ಹೋದರು. ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇದ್ದವು.

ಮಗಳಿಗೆ ಗೊತ್ತಾಗದ ಹಾಗೆ ಮಾಡೋಣ ಎಂದು ಡಾಕ್ಟರಮ್ಮ ದಾರಿಯಲ್ಲಿ ಹೇಳಿದರಂತೆ. ಅತ್ತೆ ಒಪ್ಪಲಿಲ್ಲ. ಅವಳ ಬೆನ್ನ ಹಿಂದೆ ಹೇಳಿಬಂದ ಮಾತು ಚಾಡಿಯಾಗುತ್ತದೆ, ಅವಳ ಮುಂದೆಯೂ ಹೇಳಬೇಕು ಎಂದರು. ಅದೇ ಸಂಜೆ ಮಗಳು ಬಂದ ಕೂಡಲೇ ತಾವೇ ಹೇಳಿದರು. ಆ ಮನೆಯಲ್ಲಿ ಅವತ್ತು ಏನು ನಡೆಯಿತೋ ನನಗೆ ಗೊತ್ತಿಲ್ಲ, ಅತ್ತೆ ಯಾರಿಗೂ ಹೇಳಲಿಲ್ಲ. ವಾರದೊಳಗೆ ಮಗಳು ಅವರನ್ನು ವಿಮಾನ ಹತ್ತಿಸಿದಳು. ತಾಯಿಯನ್ನು ಇಲ್ಲೇ ಇಟ್ಟುಕೊಳ್ಳಲು ಹಾಕಬೇಕೆಂದಿದ್ದ ಅರ್ಜಿಯ ಮಾತು ಅಲ್ಲಿಗೆ ಮುಗಿಯಿತು. ನಾನು, ಅತ್ತೆ ಇಬ್ಬರೂ ಅವಳ ಕಾಗದದ ಮೇಲೆ ನಿಂತವರೇ. ನನ್ನನ್ನು ನಿಲ್ಲಿಸಲು ಅತ್ತೆ ತಮ್ಮ ಕಾಲ ಕೆಳಗಿನದನ್ನು ಎಳೆದುಕೊಂಡರು.

ಅವರು ಗುಳೇದಗುಡ್ಡದಲ್ಲಿ ತಮ್ಮನ ಮನೆ ಸೇರಿದರು. ನನ್ನ ಮೇಲಿನ ಕೇಸು ಬಿದ್ದುಹೋಯಿತು. ನನ್ನ ಅರ್ಜಿ ಸರಕಾರದ ಯಾವುದೋ ಮೇಜಿನ ಮೇಲೆ ಕೂತಿತು, ಅದು ತೀರ್ಮಾನವಾಗುವ ತನಕ ನಾನು ದೇಶ ಬಿಟ್ಟು ಕದಲುವಂತಿರಲಿಲ್ಲ. ವಿಚ್ಛೇದನವೂ ಆಯಿತು. ಅದನ್ನು ತಿಳಿಸಲು ಫೋನ್ ಮಾಡಿದಾಗ, ಇನ್ನು ಮುಂದೆ ನಾನು ಅತ್ತೆ ಎನ್ನಬಹುದೋ ಇಲ್ಲವೋ ಎಂದು ಹಿಂಜರಿದೆ. ಅವರು ತಮ್ಮನ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಫೋನ್ ಹಿಡಿಯುತ್ತಿದ್ದರು. ಅವರ ಮಾತು ನನಗೆ ನೇರವಾಗಿ ಕೇಳಿಸುತ್ತಿತ್ತು, ಆದರೂ ಸೊಸೆ ಅದನ್ನು ಇನ್ನೊಮ್ಮೆ ಹೇಳಬೇಕು. ಅವತ್ತು ಅತ್ತೆ ಅವಳಿಗೆ ಹೇಳಿದರು, ‘ಮಗಳ ಗಂಡ ಅಲ್ಲಂದ್ರೂ ಅಳ್ಯಾರು ಅಳ್ಯಾರ ಅಂತ ಹೇಳವ್ವಾ.’ ಅಳಿಯ ಅಲ್ಲ, ಮಗಳ ಗಂಡ ಎಂದು ನಮ್ಮ ಕಡೆ ತಮಾಷೆಗೆ ಅನ್ನುವುದುಂಟು. ಅತ್ತೆಗೆ ಮಾತ್ರ ಅವೆರಡೂ ನಿಜವಾಗಿಯೇ ಬೇರೆಯಾಗಿದ್ದವು.

ಪ್ರತಿ ಭಾನುವಾರ ನಾನು ಫೋನ್ ಮಾಡುತ್ತಿದ್ದೆ. ಊಟದ ಮಾತು, ಹಿಮದ ಮಾತು, ಕಿವಿಯ ಮಾತು ಆದ ಮೇಲೆ ಅವರು ಸುಮ್ಮನಾಗುತ್ತಿದ್ದರು. ಹಾಗೆ ಸುಮ್ಮನಾಗುವುದು ಯಾಕೆಂದು ನನಗೆ ಗೊತ್ತಿತ್ತು. ಮಗಳು ಅವರೊಡನೆ ಮಾತು ಬಿಟ್ಟಿದ್ದಳು, ಫೋನ್ ಎತ್ತುತ್ತಿರಲಿಲ್ಲ. ಹೀಗಾಗಿ ಮಗಳ ಸುದ್ದಿ ಅವರಿಗೆ ತಲುಪುತ್ತಿದ್ದದ್ದು ಏಟು ತಿಂದ ನನ್ನಿಂದ. ಡಾಕ್ಟರಮ್ಮನಿಗೆ ಅಂಗಡಿಯಲ್ಲಿ ಸಿಕ್ಕಿದ್ದಳಂತೆ, ಕೂದಲು ಕತ್ತರಿಸಿಕೊಂಡಿದ್ದಾಳಂತೆ, ಹೊಸ ಕಾರು ತಗೊಂಡಿದ್ದಾಳಂತೆ ಎಂದು ನಾನು ವಾರವಿಡೀ ಹೆಕ್ಕಿಟ್ಟದ್ದನ್ನು ಹೇಳುತ್ತಿದ್ದೆ. ‘ಸೊರಗ್ಯಾಳೇನು ಕೇಳು’ ಎನ್ನುತ್ತಿದ್ದರು. ಅವಳು ತಾಯಿಯನ್ನು ವಿಚಾರಿಸಿದಳೇ ಎಂದು ನಾನು ಯಾರನ್ನೂ ಕೇಳಲಿಲ್ಲ, ಅವರೂ ನನ್ನನ್ನು ಕೇಳಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲವೆಂದರೆ ಸುಳ್ಳಾಗುತ್ತದೆ. ಏಟಿಗಿಂತ ಹೆಚ್ಚಿನ ಸಿಟ್ಟು ಈ ಫೋನ್ ಎತ್ತದ್ದಕ್ಕೆ.

ಮೂತ್ರಪಿಂಡ ಕೈಕೊಟ್ಟು ಅತ್ತೆಯನ್ನು ಬಾಗಲಕೋಟೆಯ ಆಸ್ಪತ್ರೆಗೆ ಸೇರಿಸಿದ ವಾರವೇ ವಕೀಲೆಯ ಫೋನ್ ಬಂತು. ಅರ್ಜಿ ಮಂಜೂರಾಗಿತ್ತು. ಇನ್ನು ನನ್ನನ್ನು ಯಾರೂ ಕಳಿಸುವಂತಿಲ್ಲ. ಆದರೆ ಹೋಗಿ ಬರಲು ಬೇಕಾದ ಕಾರ್ಡು ಕೈಗೆ ಬರಲು ಇನ್ನೂ ತಿಂಗಳುಗಳಿದ್ದವು. ಈ ದೇಶದಲ್ಲಿ ಉಳಿಯುವ ಹಕ್ಕು ಸಿಕ್ಕಿತು, ಅದನ್ನು ಕೊಡಿಸಿದವರನ್ನು ನೋಡಲು ಹೋಗುವ ಹಕ್ಕು ಸಿಗಲಿಲ್ಲ.

ಭಾನುವಾರ ಬೆಳಗ್ಗೆ ಎದ್ದವನೇ ಫೋನ್ ಮಾಡಿದೆ. ತಮ್ಮನ ಸೊಸೆ ಗಾಬರಿಯಲ್ಲಿ ವಿಡಿಯೋ ಒತ್ತಿಬಿಟ್ಟಳು. ಹಾಸಿಗೆ ಕಂಡಿತು, ಹಸಿರು ಅಂಗಿ ಕಂಡಿತು, ದಿಂಬಿನ ಮೇಲೆ ನೆರೆತ ಕೂದಲು ಕಂಡಿತು. ಫೋನಿನಲ್ಲಿ ಅಳಿಯಂದಿರಿದ್ದಾರೆ ಎಂದು ಅವಳು ಹೇಳಿದ್ದೇ ತಡ, ನಳಿಕೆ ಚುಚ್ಚಿದ್ದ ಆ ಕೈ ಎದ್ದು ಭುಜದ ಮೇಲೆ, ಕೊರಳ ಹತ್ತಿರ ತಡಕಾಡತೊಡಗಿತು. ಏನು ಹುಡುಕುತ್ತಿದ್ದಾರೆಂದು ಆ ಹುಡುಗಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಆಸ್ಪತ್ರೆಯ ಅಂಗಿಗೆ ಸೆರಗೆಲ್ಲಿಂದ ಬರಬೇಕು?

ನಾನು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತೆ. ‘ಅತ್ತಿಯವರಿಗೆ ಹೇಳವ್ವಾ, ಅಳಿಯ ಆ ಕಡೆ ಮಾರಿ ಮಾಡ್ಯಾನ, ಆರಾಮ ಇರ್ರಿ ಅಂತ’ ಎಂದೆ. ಅವರ ಮಾತನ್ನು ನಾನು ಆಡಿದ್ದು ಅದೇ ಮೊದಲು. ಅರ್ಜಿಯ ಸುದ್ದಿಯನ್ನೂ ಗೋಡೆಗೇ ಹೇಳಿದೆ. ಹಿಂದಿನಿಂದ ಬರುವ ದನಿಗೆ ಬಲಗಿವಿ ಕೊಟ್ಟು ಕೂತೆ, ನನಗೆ ಸರಿಯಾಗಿ ಕೇಳಿಸುವುದು ಅದೊಂದೇ. ತಿರುಗಿದ್ದರೆ ಇನ್ನೊಂದು ಸಲ ಆ ಮುಖ ನೋಡಬಹುದಿತ್ತು. ತಿರುಗಲಿಲ್ಲ.

ಆಮೇಲೆ ಸಣ್ಣ ದನಿ ಬಂತು. ‘ಉಂಡಾರೇನು ಕೇಳು.’

‘ಉಂಡೇನ್ರಿ’ ಎಂದೆ.

ಮರುದಿನ ಬೆಳಗಿನ ಜಾವ ಅತ್ತೆ ತೀರಿಕೊಂಡರು. ಆ ಭಾನುವಾರ ನಾನು ಇನ್ನೂ ಏನೂ ತಿಂದಿರಲಿಲ್ಲ.